ಹುಳದ ಮಾತ್ರೆಗೂ ಚೀಟಿ ಬೇಕೇನ್ರೀ?

ಸಂಜೆ ಆರೂಕಾಲು. ಶಿವಮೊಗ್ಗದ ಬಸ್ ನಿಲ್ದಾಣ. "ಗಾಜನೂರು, ಮಂಡಗದ್ದೆ, ತೀರ್ಥಳ್ಳಿ... ಯಾರ್ರೀ ತೀರ್ಥಳ್ಳಿ" ಎಂದು ಏಜೆಂಟ ಗಂಟಲು ಹರಿದುಕೊಳ್ಳುತ್ತಿದ್ದ. ಹತ್ತಿರದ ಮೆಡಿಕಲ್ ಶಾಪಿಗೆ ನಾಲ್ಕು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸೊಬ್ಬಳು ಓಡೋಡಿ ಬಂದಳು. ಅಡಿಕೆ ತೋಟದಲ್ಲಿ ಕೂಲಿ ಮಾಡುವಾಕೆ.

"ಅಣ್ಣಾ, ಹುಳದ ಮಾತ್ರೆ ಎರಡು ಕೊಡಿ. ಬಸ್ಸು ಹೊರಡ್ತದೆ."

"ಯಾರಿಗಮ್ಮಾ?"

"ಒಂದು ಮಗೀಗೆ, ಮಣ್ಣು ತಿನ್ನತ್ತೆ. ಒಂದು ನಂಗೆ. ಬೆಳಗಾದ್ರೆ ಹೊಟ್ಟೆ ತೊಳಸ್ತದೆ, ಸುಸ್ತು."

"ಡಾಕ್ಟ್ರ ಚೀಟಿ ಇದೆಯಾ?"

ಅಷ್ಟೇ ಸಾಕಾಯಿತು. ಹಿಂದೆ ನಿಂತಿದ್ದವರೊಬ್ಬರು ಬಾಯಿ ಹಾಕಿದರು. "ಹುಳದ ಮಾತ್ರೆಗೂ ಚೀಟಿ ಬೇಕೇನ್ರೀ? ಇಸ್ಕೂಲಲ್ಲಿ ಸರ್ಕಾರದೋರೇ ಮಕ್ಕಳಿಗೆ ಪುಕ್ಕಟೆ ಹಂಚ್ತಾರೆ. ನಿಮ್ಮದೇನು ದೊಡ್ಡ ಕಾನೂನು?" ಅಂಗಡಿಯವರು ಕೊಡಲಿಲ್ಲ. ಹೆಂಗಸು ಗೊಣಗುತ್ತ ಬಸ್ಸು ಹತ್ತಿದಳು. ನಾಲ್ಕು ಜನರ ಮುಂದೆ ಅಂಗಡಿಯವರು ಕಟುಕರಾದರು.

ಸಾಲಿನಲ್ಲಿದ್ದವರ ಪ್ರಶ್ನೆ ತಪ್ಪಲ್ಲ. ಒಂದು ಚೀಟಿಗಾಗಿ ಅರ್ಧ ದಿನದ ಕೂಲಿ ಕಳೆದುಕೊಳ್ಳುವವರಿಗೆ, ಅಂಗಡಿಯ ಬಾಗಿಲು ಎಳೆದು ಆಸ್ಪತ್ರೆಗೆ ಹೋಗಬೇಕಾದವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಉತ್ತರ ಕೊಡಲೇಬೇಕು.

ಶಾಲೆಯಲ್ಲಿ ಸರಿ, ಅಂಗಡಿಯಲ್ಲಿ ತಪ್ಪೇ?

2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಹಂಚುವುದು ಆಲ್ಬೆಂಡಜೋಲ್ ಎಂಬ ಮಾತ್ರೆ. ಅಂಗಡಿಯಲ್ಲಿ ಸಿಗುವುದೂ ಅದೇ. ಆದರೆ ಹಂಚುವ ರೀತಿ ಬೇರೆ. ಅಲ್ಲಿ ವಯಸ್ಸು ಗೊತ್ತು: 1ರಿಂದ 19 ವರ್ಷ. ಪ್ರಮಾಣ ಗೊತ್ತು: ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಮಾತ್ರೆ, ಅಂದರೆ 200 ಮಿಲಿಗ್ರಾಂ, ಅದಕ್ಕೆ ಮೇಲ್ಪಟ್ಟವರಿಗೆ 400ರ ಒಂದು ಪೂರ್ತಿ ಮಾತ್ರೆ. ಚಿಕ್ಕ ಮಕ್ಕಳಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡುತ್ತಾರೆ. ಆ ದಿನ ಹುಷಾರಿಲ್ಲದ ಮಗುವನ್ನು ಬಿಡುತ್ತಾರೆ. ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ ಎದುರಿಗೇ ನಿಂತು ಅಗಿದು ನುಂಗಿಸುತ್ತಾರೆ. ಅರ್ಥಾತ್, ಚೀಟಿ ಮಾಡುವ ಕೆಲಸವನ್ನು ಅಲ್ಲಿ ಮೊದಲೇ ಯಾರೋ ಮಾಡಿಟ್ಟಿದ್ದಾರೆ.

ಅಂಗಡಿಯಲ್ಲಿ "ಎರಡು ಕೊಡಿ" ಎಂದವರ ಬಗ್ಗೆ ಇದ್ಯಾವುದೂ ಗೊತ್ತಿಲ್ಲ. ಅದಕ್ಕೇ ಆಲ್ಬೆಂಡಜೋಲನ್ನು 1945ರ ಔಷಧ ನಿಯಮಗಳ 'ಎಚ್' ಪಟ್ಟಿಯಲ್ಲಿ ಸೇರಿಸಿದ್ದಾರೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಸ್ಟ್ರಿಪ್ಪಿನ ಮೇಲೆ ಆರ್‌ಎಕ್ಸ್ ಎಂಬ ಗುರುತು ಇರುವುದು ಅಂದಕ್ಕಲ್ಲ.

ಹುಳ ಒಂದೇ ಜಾತಿಯಲ್ಲ

ನಮ್ಮ ಜನರ ಬಾಯಲ್ಲಿ ಎಲ್ಲವೂ "ಹೊಟ್ಟೆಹುಳ". ಡಾಕ್ಟರ ಲೆಕ್ಕ ಹಾಗಲ್ಲ.

ಜಂತುಹುಳು ಎರೆಹುಳದಂತೆ ಉದ್ದಕ್ಕೆ ಗೇಣಿಗೂ ಮೀರಿ ಬೆಳೆಯುತ್ತದೆ. ಒಂದು ಹೆಣ್ಣುಹುಳ ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಕೊಕ್ಕೆಹುಳು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವವರ ಕಾಲಿನ ಚರ್ಮ ತೂರಿ ಒಳಗೆ ಬಂದು ಕರುಳು ಕಚ್ಚಿ ರಕ್ತ ಹೀರುತ್ತದೆ. ತೋಟ, ಗದ್ದೆಯವರ ಮುಖ ಬಿಳಿಚುವುದಕ್ಕೆ, ಏದುಸಿರಿಗೆ ಇದೂ ಒಂದು ಕಾರಣ. ಇವೆರಡಕ್ಕೂ ಆಲ್ಬೆಂಡಜೋಲ್ ನಡೆಯುತ್ತದೆ. ಆದರೆ ಹುಳ ಸತ್ತ ಮಾತ್ರಕ್ಕೆ ಹೋದ ರಕ್ತ ವಾಪಸು ಬರುವುದಿಲ್ಲ. ಕಬ್ಬಿಣಾಂಶದ ಮಾತ್ರೆಯೂ ಬೇಕಾದೀತು. ಅದನ್ನು ಬರೆಯುವುದೂ ಚೀಟಿಯಲ್ಲೇ.

ರಾತ್ರಿ ಹೊತ್ತು ಮಕ್ಕಳ ಹಿಂಭಾಗದಲ್ಲಿ ತುರಿಕೆ ಎಬ್ಬಿಸುವ ಬಿಳಿ ದಾರದಂಥ ಹುಳಕ್ಕೆ ಒಂದು ಸಲದ ಮಾತ್ರೆ ಸಾಲದು. ಎರಡು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕು. ಎಷ್ಟೋ ಸಲ ಮನೆಮಂದಿಗೆಲ್ಲ ಕೊಡಬೇಕು. ಲಾಡಿಹುಳುವಿಗೆ ಔಷಧಿಯೇ ಬೇರೆ. ಆಮಶಂಕೆ ತರುವ ಅಮೀಬಾ ಹುಳವೇ ಅಲ್ಲ, ಅದಕ್ಕೆ ಹುಳದ ಮಾತ್ರೆ ನುಂಗಿದರೆ ದುಡ್ಡು ನೀರಿಗೆ ಹಾಕಿದಂತೆ.

ಇನ್ನು ಹಲ್ಲು ಕಡಿದರೆ ಹುಳ, ಬೆಲ್ಲ ತಿಂದರೆ ಹುಳ ಎಂಬ ಅಜ್ಜಿ ಶಾಸ್ತ್ರ. ಹುಳ ಬೆಲ್ಲದಿಂದ ಹುಟ್ಟುವುದಿಲ್ಲ, ಮಲ ಬೆರೆತ ಮಣ್ಣಿನಿಂದ ಬರುತ್ತದೆ. ಹಲ್ಲು ಕಡಿಯುವುದನ್ನು ನೋಡಿ ಯಾವ ಡಾಕ್ಟರೂ ಹುಳ ಅಂತ ತೀರ್ಪು ಕೊಡುವುದಿಲ್ಲ.

ಕೇಳದೆ ಕೊಟ್ಟರೆ

ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಏನೂ ಆಗಲಿಕ್ಕಿಲ್ಲ. ಚೀಟಿ ಇರುವುದು ಹತ್ತನೆಯವರಿಗಾಗಿ.

ಬಸುರಿಯಾದ ಮೊದಲ ಮೂರು ತಿಂಗಳು ಆಲ್ಬೆಂಡಜೋಲ್ ಕೊಡಬಾರದು. ಆ ತಿಂಗಳುಗಳಲ್ಲೇ ತನಗೆ ದಿನ ತುಂಬುತ್ತಿರುವುದು ಎಷ್ಟೋ ಹೆಂಗಸರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಫಿಟ್ಸ್ ಸಮಾಚಾರ. ಹಂದಿ ಮಾಂಸದಿಂದ ಬರುವ ಲಾಡಿಹುಳು ಇದ್ದವರ ಮಲದಿಂದ ಅದರ ಮೊಟ್ಟೆ ಕೈಗೆ, ಸೊಪ್ಪಿಗೆ, ನೀರಿಗೆ ಸೇರುತ್ತದೆ. ಅದು ಹೊಟ್ಟೆಗೆ ಹೋದರೆ ಮರಿ ಮಿದುಳಿಗೆ ಹತ್ತಿ ಗಂಟು ಕಟ್ಟೀತು. ಮಾಂಸವನ್ನೇ ಮುಟ್ಟದ ಮನೆಯವರಿಗೂ ಇದು ತಪ್ಪಿದ್ದಲ್ಲ. ಮಿದುಳಿನಲ್ಲಿ ಇಂಥ ಗಂಟು ಇದ್ದವರು ಹುಳದ ಔಷಧಿ ತೆಗೆದುಕೊಂಡರೆ ಗಂಟು ಸಾಯುವಾಗ ಸುತ್ತ ಊತ ಬಂದು ಫಿಟ್ಸ್ ಬರಬಹುದು. ಅದಕ್ಕೇ ಅಂಥವರಿಗೆ ಡಾಕ್ಟರು ಸ್ಕ್ಯಾನ್ ಮಾಡಿಸಿ, ಊತ ಇಳಿಸುವ ಔಷಧಿ ಜೊತೆಗಿಟ್ಟು, ಕಣ್ಣೆದುರಿಗೇ ಚಿಕಿತ್ಸೆ ಮಾಡುತ್ತಾರೆ. "ಮೊದಲು ಯಾವಾಗಲಾದರೂ ಫಿಟ್ಸ್ ಬಂದಿತ್ತಾ?" ಎಂಬ ಒಂದು ಪ್ರಶ್ನೆಗೆ ಇಷ್ಟು ಬೆಲೆಯಿದೆ.

ಚೀಟಿ ಪಡೆಯುವುದು ಹೇಗೆ?

ದೊಡ್ಡಾಸ್ಪತ್ರೆಗೇ ಹೋಗಬೇಕೆಂದಿಲ್ಲ. ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಚೀಟಿ ಕೊಡುವವರ ಕೈಯಲ್ಲೇ ಸಾಮಾನ್ಯವಾಗಿ ಮಾತ್ರೆಯೂ ಇರುತ್ತದೆ. ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಡಾಕ್ಟರು ಇರುವ ಹೊತ್ತು ತಿಳಿದುಕೊಂಡರೆ ಒಂದು ಬಸ್ ಚಾರ್ಜು ಉಳಿದೀತು.

ಹೋದ ಮೇಲೆ "ಹುಳ ಐತೆ, ಮಾತ್ರೆ ಬರೀರಿ" ಎಂದರೆ ಸಾಲದು. ಮಲದಲ್ಲಿ ಕಂಡದ್ದೇನು, ಉದ್ದವೋ, ದಾರದಂತೋ, ಲಾಡಿಯ ತುಂಡಿನಂತೋ ಹೇಳಬೇಕು. ಹುಳವನ್ನೇ ಬಾಟಲಿಯಲ್ಲಿ ಹಿಡಿದುಕೊಂಡು ಹೋದರೆ ನಾಚಿಕೆಯೇನಿಲ್ಲ, ಡಾಕ್ಟರ ಕೆಲಸ ಅರ್ಧ ಮುಗಿಯಿತು. ಹೆಂಗಸರು ಮುಟ್ಟಿನ ದಿನ ಹೇಳಬೇಕು. ಫಿಟ್ಸ್, ಲಿವರಿನ ಕಾಯಿಲೆ, ಈಗಾಗಲೇ ತಿನ್ನುತ್ತಿರುವ ಮಾತ್ರೆ, ಇವನ್ನು ಮುಚ್ಚಿಡಬಾರದು. ಮಲ ಪರೀಕ್ಷೆಗೆ ಬರೆದುಕೊಟ್ಟರೆ ಮೂತ್ರ, ನೀರು ತಾಗದಂತೆ ಶುದ್ಧ ಡಬ್ಬಿಯಲ್ಲಿ ಹಿಡಿದು ಹೊಸದಿರುವಾಗಲೇ ಲ್ಯಾಬಿಗೆ ಮುಟ್ಟಿಸಬೇಕು. ಒಂದು ದಿನ ಮೊಟ್ಟೆ ಕಾಣಿಸಲಿಲ್ಲವೆಂದರೆ ಹುಳ ಇಲ್ಲವೆಂದಲ್ಲ, ಇನ್ನೊಂದು ದಿನ ತರಲು ಹೇಳಬಹುದು.

ಕೈಗೆ ಬಂದ ಚೀಟಿಯನ್ನೂ ಒಮ್ಮೆ ನೋಡಿಕೊಳ್ಳಿ. ರೋಗಿಯ ಹೆಸರು, ವಿಳಾಸ, ತಾರೀಕು, ಡಾಕ್ಟರ ಸಹಿ, ಒಟ್ಟು ಎಷ್ಟು ಮಾತ್ರೆ, ಹೇಗೆ ತಿನ್ನಬೇಕು, ಇಷ್ಟು ಇರಬೇಕೆಂದು ಅದೇ ನಿಯಮ ಹೇಳುತ್ತದೆ. ಮತ್ತೆ ಕೊಡಬಹುದು ಎಂದು ಡಾಕ್ಟರು ಬರೆಯದಿದ್ದರೆ ಅದೇ ಚೀಟಿಗೆ ಎರಡನೇ ಸಲ ಮಾತ್ರೆ ಇಲ್ಲ. ಹೋದ ವರ್ಷದ ಚೀಟಿ, ಪಕ್ಕದ ಮನೆಯವರ ಚೀಟಿ ಎರಡೂ ರದ್ದಿ.

ಅಂಗಡಿಯವರಿಗೂ ಒಂದು ಮಾತು. ಮಾತ್ರೆಯ ಬೆಲೆ ಒಂದು ಲೋಟ ಕಾಫಿಯ ಆಸುಪಾಸು. ಅದರ ಲಾಭದಲ್ಲಿ ಯಾರೂ ಮಹಡಿ ಕಟ್ಟುವುದಿಲ್ಲ. ಆದರೆ "ಚೀಟಿ ತಾ" ಎಂದು ಗದರುವುದಕ್ಕೂ, "ಯಾಕಮ್ಮಾ ಅಂದ್ರೆ..." ಎಂದು ಎರಡು ಮಾತು ಹೇಳುವುದಕ್ಕೂ ಬಹಳ ಫರಕಿದೆ. ಗದರಿಸಿಕೊಂಡವರು ಆಸ್ಪತ್ರೆಗೆ ಹೋಗುವುದಿಲ್ಲ, ಪಕ್ಕದ ಅಂಗಡಿಗೆ ಹೋಗುತ್ತಾರೆ.

ನಾಲ್ಕನೇ ದಿನ

ಆ ಹೆಂಗಸು ಪಕ್ಕದ ಅಂಗಡಿಗೆ ಹೋಗಲಿಲ್ಲ. ಬಸ್ಸು ಹೊರಟಿತ್ತಲ್ಲ, ಸಮಯವಿರಲಿಲ್ಲ ಅನ್ನಿ. ನಾಲ್ಕನೇ ದಿನ ಅದೇ ಹೊತ್ತಿಗೆ ಮತ್ತೆ ಬಂದಳು. ಮಡಿಚಿದ ಚೀಟಿಯನ್ನು ಗಾಜಿನ ಮೇಲಿಟ್ಟಳು. ಮಗುವಿನ ಹುಳದ ಮಾತ್ರೆಯನ್ನು ಆರೋಗ್ಯ ಕೇಂದ್ರದಲ್ಲೇ ನುಂಗಿಸಿ ಆಗಿತ್ತು. ಚೀಟಿಯಲ್ಲಿದ್ದದ್ದು ತಾಯಿಯ ಹೆಸರು. ಬರೆದದ್ದು ಫೋಲಿಕ್ ಆಸಿಡ್.

ಅಂಗಡಿಯವರು ಚೀಟಿ ನೋಡಿ ಮುಖ ನೋಡಿದರು.

"ಹೊಟ್ಟೆ ತೊಳಸಿದ್ದು ಹುಳಕ್ಕಲ್ವಂತಣ್ಣ" ಎಂದಳು ಆಕೆ, ಸೆರಗು ಎಳೆದುಕೊಳ್ಳುತ್ತ. "ಎರಡು ತಿಂಗಳಂತೆ. ಹುಳದ ಮಾತ್ರೆ ಈಗ ಬ್ಯಾಡ, ನಾಲ್ಕನೇ ತಿಂಗಳು ಕಳೀಲಿ, ಆಮೇಲೆ ನಾವೇ ಕೊಡ್ತೀವಿ ಅಂದ್ರು ಡಾಕ್ಟ್ರಮ್ಮ."

ಏಜೆಂಟ ಕೂಗುತ್ತಲೇ ಇದ್ದ. ಅಂಗಡಿಯವರು ಮಾತ್ರೆ ಕವರಿಗೆ ಹಾಕಿ, ಚಿಲ್ಲರೆ ಎಣಿಸಿ ಕೊಟ್ಟು, "ನಿಧಾನಕ್ಕೆ ಹತ್ತಮ್ಮಾ ಬಸ್ಸು" ಎಂದರು.