ಹೊನಲು ಬೆಳಕಿನ ಮೈದಾನ ಹತ್ತು ಸೆಕೆಂಡಿನಲ್ಲಿ: ಪ್ಯಾನಿಂಗ್ ಟೈಮ್‌ಲ್ಯಾಪ್ಸ್ ತೆಗೆಯುವುದು ಹೇಗೆ?

ಮಂಜೇಶ್ವರದಿಂದ ತ್ರಿಕರಿಪುರದವರೆಗೆ ಸೆವೆನ್ಸ್ ಫುಟ್ಬಾಲ್ ಪಂದ್ಯಾಟ ಶುರುವಾಯಿತೆಂದರೆ ಮೈದಾನದ ಸುತ್ತ ಮೊಬೈಲ್‌ಗಳೇ ಮೊಬೈಲ್‌ಗಳು. ಗೋಲಿನ ಕ್ಲಿಪ್ ಎಲ್ಲರೂ ತೆಗೆಯುತ್ತಾರೆ. ಆದರೆ ಸೂರ್ಯ ಮುಳುಗಿ, ಗ್ಯಾಲರಿ ತುಂಬಿ, ಲೈಟ್ ಹೊತ್ತಿಕೊಳ್ಳುವ ಆ ಇಪ್ಪತ್ತು ನಿಮಿಷವನ್ನು ಹತ್ತು ಸೆಕೆಂಡಿಗೆ ಇಳಿಸಿ, ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ಯಾಮರಾ ನಿಧಾನಕ್ಕೆ ತಿರುಗುವ ವಿಡಿಯೋ ತೆಗೆಯುವವರು ಕಡಿಮೆ. ದುಬೈಯಲ್ಲೋ ದಮ್ಮಾಮ್‌ನಲ್ಲೋ ಇರುವ ಅಣ್ಣನಿಗೆ ಊರಿನ ಮೈದಾನವನ್ನು ಇಡೀ ತೋರಿಸಲು ಇದು ಒಳ್ಳೆಯ ದಾರಿ. ಕಷ್ಟ ಒಂದೇ: ಫೈನಲ್‌ನ ಸಂಜೆ ಒಮ್ಮೆ ಮಾತ್ರ ಬರುತ್ತದೆ, ಹಾಳಾದರೆ ಮತ್ತೆ ತೆಗೆಯಲು ಆಗುವುದಿಲ್ಲ. ಹಾಗಾಗಿ ಲೆಕ್ಕ ಮೊದಲು, ಫೋನ್ ಆಮೇಲೆ.

ಲೆಕ್ಕ ಹೇಗೆ?

ಟೈಮ್‌ಲ್ಯಾಪ್ಸ್ ಎಂದರೆ ಇಷ್ಟಿಷ್ಟು ಸೆಕೆಂಡಿಗೆ ಒಂದರಂತೆ ತೆಗೆದ ಫೋಟೋಗಳ ಸಾಲು. ವಿಡಿಯೋದ ಒಂದು ಸೆಕೆಂಡಿಗೆ 25 ಫೋಟೋ ಬೇಕು. 5 ಸೆಕೆಂಡಿಗೊಂದು ಫೋಟೋ ತೆಗೆದರೆ 20 ನಿಮಿಷಕ್ಕೆ 240 ಫೋಟೋ, ಅಂದರೆ ಹತ್ತು ಸೆಕೆಂಡಿಗೆ ಸ್ವಲ್ಪ ಕಮ್ಮಿ ವಿಡಿಯೋ.

ತಿರುಗಿಸಲು ದುಬಾರಿ ಮೋಟಾರ್ ಬೇಕೆಂದಿಲ್ಲ. ಅಡುಗೆಮನೆಯ ಟೈಮರ್‌ನಂತೆ ಕೀ ಕೊಡುವ ಪುಟ್ಟ ಪ್ಯಾನಿಂಗ್ ಹೆಡ್ ಸಾಕು. ಅದು 60 ನಿಮಿಷದಲ್ಲಿ ಒಂದು ಪೂರ್ತಿ ಸುತ್ತು ತಿರುಗುತ್ತದೆ, ಅಂದರೆ ನಿಮಿಷಕ್ಕೆ 6 ಡಿಗ್ರಿ. 20 ನಿಮಿಷಕ್ಕೆ 120 ಡಿಗ್ರಿ. ಒಂದು ಗೋಲ್‌ಪೋಸ್ಟ್‌ನಿಂದ ಇನ್ನೊಂದಕ್ಕೆ ಇಷ್ಟು ಧಾರಾಳ. ಇಂಥ ಹೆಡ್ ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಮಾತ್ರ ತಿರುಗುತ್ತದೆ. ಆದ್ದರಿಂದ ಫೋನನ್ನು ಮೊದಲು ಬಲತುದಿಗೆ ಮುಖ ಮಾಡಿ ಇಡಿ. ಕೀ ಕೊಟ್ಟು ಒಂದು ನಿಮಿಷ ಓಡಿದ ಮೇಲೆ ರೆಕಾರ್ಡಿಂಗ್ ಶುರು ಮಾಡಿ.

ಒಂದು ಎಚ್ಚರಿಕೆ: ಐಫೋನ್‌ನ ಟೈಮ್‌ಲ್ಯಾಪ್ಸ್ ಮೋಡ್, ರೆಕಾರ್ಡಿಂಗ್ ಉದ್ದವಾದಂತೆ ಫೋಟೋಗಳ ನಡುವಿನ ಅಂತರವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಆಗ ನಿಮ್ಮ ಲೆಕ್ಕ ತಪ್ಪುತ್ತದೆ. ಅಂತರವನ್ನು ನೀವೇ ನಿಗದಿ ಮಾಡುವ ಆ್ಯಪ್ ಬಳಸಿ.

ಎಲ್ಲಿ ನಿಲ್ಲಿಸಬೇಕು?

ಗ್ಯಾಲರಿ ಮೇಲೆ ಮಾತ್ರ ಬೇಡ. ತಾತ್ಕಾಲಿಕ ಗ್ಯಾಲರಿಯಲ್ಲಿ ಗೋಲಾದಾಗ ಜನ ಕುಣಿದರೆ ಟ್ರೈಪಾಡೂ ಕುಣಿಯುತ್ತದೆ. ಗಟ್ಟಿ ನೆಲದ ಮೇಲೆ, ಬೆನ್ನು ಕಡಲ ಕಡೆಗೆ, ಅಂದರೆ ಪಶ್ಚಿಮಕ್ಕೆ ಇರುವಂತೆ ಇಡಿ. ಮುಳುಗುವ ಸೂರ್ಯ ಫ್ರೇಮಿನೊಳಗೆ ಬರುವುದಿಲ್ಲ. ಟ್ರೈಪಾಡ್ ಸಮತಟ್ಟಾಗಿರಬೇಕು, ಸ್ವಲ್ಪ ವಾಲಿದ್ದರೂ ತಿರುಗುತ್ತಾ ತಿರುಗುತ್ತಾ ಮೈದಾನವೇ ಇಳಿಜಾರಿನಂತೆ ಕಾಣುತ್ತದೆ. ಗಾಳಿ ಇದ್ದರೆ ಕಲ್ಲು ತುಂಬಿದ ಚೀಲವನ್ನು ಕೆಳಗೆ ನೇತು ಹಾಕಿ. ಪವರ್‌ಬ್ಯಾಂಕಿನ ವೈರ್ ಸಡಿಲವಾಗಿರಲಿ, ಬಿಗಿಯಾದರೆ ಫೋನ್ ತಿರುಗದೆ ನಿಲ್ಲುತ್ತದೆ. ಏರ್‌ಪ್ಲೇನ್ ಮೋಡ್ ಹಾಕಲು ಮರೆಯಬೇಡಿ, ಮಧ್ಯದಲ್ಲಿ ಕಾಲ್ ಬಂದರೆ ಎಲ್ಲಾ ವ್ಯರ್ಥ.

ಬೆಳಕಿನ ಸಮಸ್ಯೆ

ಹೆಚ್ಚಿನ ವಿಡಿಯೋ ಹಾಳಾಗುವುದು ಇಲ್ಲೇ. ಕ್ಯಾಮರಾ ತಿರುಗುವಾಗ ಒಮ್ಮೆ ಆಕಾಶ, ಒಮ್ಮೆ ಕತ್ತಲೆಯ ಗ್ಯಾಲರಿ ಎದುರಾಗುತ್ತದೆ. ಆಟೋದಲ್ಲಿ ಬಿಟ್ಟರೆ ಫೋನ್ ಪ್ರತಿ ಫೋಟೋಗೂ ಬೆಳಕನ್ನು ಬದಲಿಸಿ ವಿಡಿಯೋ ಮಿಣಮಿಣ ಮಿನುಗುತ್ತದೆ. ಹಗಲಲ್ಲಾದರೆ ಎಕ್ಸ್‌ಪೋಶರ್ ಲಾಕ್ ಮಾಡಿದರೆ ಮುಗಿಯಿತು. ಸಂಜೆಗೆ ಅದು ಸಾಲದು, ಲಾಕ್ ಮಾಡಿದರೆ ಕೊನೆಯ ಫೋಟೋಗಳು ಕಪ್ಪಾಗುತ್ತವೆ. ಆಗ ವೈಟ್ ಬ್ಯಾಲೆನ್ಸ್ ಮತ್ತು ಫೋಕಸ್ ಲಾಕ್ ಮಾಡಿ, ಎಕ್ಸ್‌ಪೋಶರ್ ಮಾತ್ರ ಆಟೋದಲ್ಲಿ ಬಿಡಿ. ಉಳಿದ ಮಿನುಗನ್ನು ಎಲ್‌ಆರ್‌ಟೈಮ್‌ಲ್ಯಾಪ್ಸ್‌ನಂತಹ ಸಾಫ್ಟ್‌ವೇರ್‌ನಲ್ಲಿ ಸರಿಪಡಿಸಬಹುದು. ಲೈಟಿನ ಬಲ್ಬುಗಳು ನೇರವಾಗಿ ಫ್ರೇಮಿಗೆ ಬರದಂತೆ ನೋಡಿಕೊಂಡರೆ ಅರ್ಧ ತೊಂದರೆ ಕಡಿಮೆ.

ಲೈಟ್ ಹೊತ್ತಿದ ನಂತರದ ಆಟವನ್ನಷ್ಟೇ ತೆಗೆಯುವುದಾದರೆ ಶಟರ್ 1/100 ಅಥವಾ 1/50ಕ್ಕೆ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಬೀಳುತ್ತವೆ.

ಹಿಂದಿನ ದಿನವೇ ಹೋಗಿ

ಪಂದ್ಯಾಟದ ಸಂಘಟಕರಲ್ಲಿ ಮೊದಲೇ ಕೇಳಿ ಜಾಗ ಗೊತ್ತು ಮಾಡಿಕೊಳ್ಳಿ, ಜನ ಓಡಾಡುವ ದಾರಿ ಬೇಡ. ಫೈನಲ್‌ನ ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಐದು ನಿಮಿಷ ತೆಗೆದು ನೋಡಿ. ಟ್ರೈಪಾಡ್ ವಾಲಿದ್ದು, ವೈರ್ ಎಳೆದದ್ದು, ಬಲ್ಬು ಅಡ್ಡ ಬಂದದ್ದು ಎಲ್ಲಾ ಆವಾಗಲೇ ಗೊತ್ತಾಗುತ್ತದೆ. ಮರುದಿನ ರೆಕಾರ್ಡಿಂಗ್ ಒತ್ತಿ, ಒಬ್ಬ ಗೆಳೆಯನನ್ನು ಕಾವಲಿಗೆ ಬಿಟ್ಟು, ನೀವು ಆರಾಮವಾಗಿ ಆಟ ನೋಡಿ ಮಾರಾಯ್ರೆ.