ಮರದ ನೆರಳಿಗೆ ಬೆಲೆ ಕಟ್ಟುವ ಬಗೆ

ಮರಕ್ಕೆ ಬೆಲೆಯೆಷ್ಟು ಎಂದು ಸಾಮಿಲ್ಲಿನವನನ್ನು ಕೇಳಿದರೆ ಘನ ಅಡಿಗೆ ಇಷ್ಟು ಎಂದು ಕೂಡಲೇ ಹೇಳಿಬಿಡುತ್ತಾನೆ. ಅದೇ ಮರದ ನೆರಳಿಗೆ, ಅದನ್ನು ನೋಡಿದಾಗ ಮನಸ್ಸಿಗಾಗುವ ಹಾಯಿಗೆ ಬೆಲೆಯೆಷ್ಟು ಎಂದರೆ ಅವನೂ ಸುಮ್ಮನಾಗುತ್ತಾನೆ, ನಾವೂ ಸುಮ್ಮನಾಗುತ್ತೇವೆ. ಲೆಕ್ಕದ ಪುಸ್ತಕದಲ್ಲಿ ಬೆಲೆ ಬರೆಯದ ಬಾಬು ಸೊನ್ನೆಯೆಂದೇ ಕೂಡಿಕೆಯಾಗುತ್ತದೆ. ರಸ್ತೆ ಅಗಲಿಸುವಾಗ ಮರ ಮೊದಲು ಉರುಳುವುದಕ್ಕೆ ಇದೂ ಒಂದು ಕಾರಣ. ಆ ಸೊನ್ನೆಯ ಜಾಗದಲ್ಲಿ ಒಂದು ಅಂಕಿ ಬರೆಯಲು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಹೆಣಗುತ್ತಿದ್ದಾರೆ.

1947ರಲ್ಲಿ ಅಮೆರಿಕದ ಹೆರಾಲ್ಡ್ ಹೊಟೆಲಿಂಗ್ ಎಂಬ ಪಂಡಿತರು ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದ ಕಾಗದದಲ್ಲಿ ಒಂದು ಉಪಾಯ ಸೂಚಿಸಿದರು. ಎಷ್ಟು ದೂರದಿಂದ, ಎಷ್ಟು ಜನ, ಎಷ್ಟು ಖರ್ಚು ಮಾಡಿಕೊಂಡು ಬರುತ್ತಾರೆಂದು ನೋಡಿದರೆ ಉದ್ಯಾನದ ಬೆಲೆ ತಿಳಿಯುತ್ತದೆ. ಉಪಾಯವೇನೋ ಜಾಣತನದ್ದೇ. ಆದರೆ ಓಣಿಯ ಮೂಲೆಯ ಅರಳಿಮರದಡಿ ಕೂರಲು ಯಾರೂ ಟಿಕೆಟ್ಟು ತೆಗೆದುಕೊಂಡು ಬರುವುದಿಲ್ಲವಲ್ಲ!

ಇನ್ನೊಂದು ದಾರಿಯೆಂದರೆ ಜನರ ನೆಮ್ಮದಿಯನ್ನೇ ಅಳೆಯುವುದು. ನೆಮ್ಮದಿಯನ್ನು ಅಳೆಯುವುದುಂಟೆ ಎಂದು ವಾಚಕರು ನಗಬಹುದು. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳನ್ನು ವಯಸ್ಸು ಮುಂತಾದವುಗಳಲ್ಲಿ ಹೊಂದುವಂತೆ 23 ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಇನ್ನೊಬ್ಬರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ನೋವಿಗೆ ಬಲವಾದ ಮದ್ದು ಬೇಕಾದದ್ದೂ ಗೋಡೆಯವರಿಗೇ ಹೆಚ್ಚು.

ಇದನ್ನು ರೂಪಾಯಿಗೆ ತಿರುಗಿಸುವುದು ಹೀಗೆ. ಸಾವಿರಾರು ಜನರನ್ನು, ನಿಮ್ಮ ಬಾಳಿನ ತೃಪ್ತಿಗೆ ಸೊನ್ನೆಯಿಂದ 10ರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಾರೆ. ಜೊತೆಗೆ ವರಮಾನ, ವಯಸ್ಸು, ಆರೋಗ್ಯ, ಮನೆಯ ಸುತ್ತಲಿನ ಗಾಳಿ, ಹಸುರು ಇವನ್ನೆಲ್ಲ ಬರೆದುಕೊಳ್ಳುತ್ತಾರೆ. ಮಿಕ್ಕೆಲ್ಲದರಲ್ಲಿ ಸಮನಾದವರನ್ನು ಹೋಲಿಸಿ, ಹಸುರಿನಿಂದ ಎಷ್ಟು ಅಂಕ ಏರಿತು, ಅಷ್ಟೇ ಏರಲು ಸಂಬಳ ಎಷ್ಟು ಹೆಚ್ಚಬೇಕಾಗಿತ್ತು ಎಂದು ಲೆಕ್ಕ ಹಾಕುತ್ತಾರೆ. ಆ ಸಂಬಳವೇ ಹಸುರಿನ ಬೆಲೆ. 2009ರಲ್ಲಿ ಸೈಮನ್ ಲ್ಯೂಷಿಂಗರ್ ಎಂಬವರು ಜರ್ಮನಿಯ ವಿದ್ಯುತ್ ಸ್ಥಾವರಗಳ ಹೊಗೆಯಿಂದ ಗಂಧಕ ತೆಗೆದ ಮೇಲೆ ಗಾಳಿ ಬೀಸುವ ದಿಕ್ಕಿನ ಜನರ ತೃಪ್ತಿ ಎಷ್ಟು ಏರಿತೆಂದು ಹೀಗೆಯೇ ಲೆಕ್ಕವಿಟ್ಟರು. 2019ರಲ್ಲಿ ಆಸ್ಟ್ರೇಲಿಯದ ರಾಲ್ಫ್ ಬಕ್ಲಿ ಮತ್ತು ಸಂಗಡಿಗರು ತುಸು ಬೇರೆ ಮಾರ್ಗ ಹಿಡಿದು, ಆರೋಗ್ಯದಿಂದ ಬಾಳಿದ ವರ್ಷಗಳ ಲೆಕ್ಕದಲ್ಲಿ, ರಕ್ಷಿತಾರಣ್ಯಗಳಿಗೆ ಹೋಗಿಬರುವುದರಿಂದ ಜಗತ್ತಿನ ಜನರ ಮನಸ್ಸಿಗಾಗುವ ಲಾಭ ವರ್ಷಕ್ಕೆ 6 ಲಕ್ಷ ಕೋಟಿ ಡಾಲರ್ ಎಂದು ಅಂದಾಜಿಸಿದರು.

ಆದರೆ ಸಂಬಳದ ಲೆಕ್ಕದಲ್ಲಿ ನಮ್ಮಂಥವರು ಗಮನಿಸಬೇಕಾದ ಒಂದು ಗಂಟಿದೆ. 15,000 ರೂಪಾಯಿ ದುಡಿಯುವವನಿಗೆ ಒಂದು ಸಾವಿರ ಹೆಚ್ಚಿದರೆ ಎಷ್ಟು ನೆಮ್ಮದಿಯೋ, ಒಂದೂವರೆ ಲಕ್ಷ ದುಡಿಯುವವನಿಗೆ ಅಷ್ಟೇ ನೆಮ್ಮದಿಯಾಗಲು ಹತ್ತು ಸಾವಿರ ಬೇಕೆಂದು ಇಟ್ಟುಕೊಳ್ಳೋಣ. ಒಂದೇ ಬಗೆಯ ಮರ ಇಬ್ಬರ ಮನೆ ಮುಂದೆಯೂ ಇದ್ದು, ಇಬ್ಬರಿಗೂ ಒಂದೇ ಸಮನೆ ತಂಪು ಕೊಡುತ್ತಿದೆ. ಹಣಕ್ಕೆ ತಿರುಗಿಸಿದಾಗ ಬಂಗಲೆಯ ಮುಂದಿನ ಮರಕ್ಕೆ ಹತ್ತು ಸಾವಿರ, ಚಾಳಿನ ಮುಂದಿನ ಮರಕ್ಕೆ ಒಂದು ಸಾವಿರ! ರಸ್ತೆ ಯಾವ ಕಡೆ ತಿರುಗುವುದೆಂದು ಬೇರೆ ಹೇಳಬೇಕಾಗಿಲ್ಲ. ತೃಪ್ತಿಯ ಅಂಕಗಳಲ್ಲೋ, ಆಸ್ಪತ್ರೆಯ ದಿನಗಳಲ್ಲೋ ಎಣಿಸಿ ಅಲ್ಲಿಗೇ ನಿಲ್ಲಿಸಿದರೆ ಎರಡು ಮರಗಳೂ ಸಮ. ಊರಿನ ಯೋಜನೆಯ ಕಾಗದ ನಮ್ಮ ಆಕ್ಷೇಪಣೆಗೆಂದು ಬಂದಾಗ, ಮರಕ್ಕೆ ಬೆಲೆ ಬರೆದಿದ್ದಾರೆಯೇ ಎಂಬುದರ ಜೊತೆಗೆ ಯಾವ ಅಳತೆಯಲ್ಲಿ ಬರೆದಿದ್ದಾರೆ ಎಂಬುದನ್ನೂ ನಾವು ಕೇಳಬೇಕು.