ಯಂತ್ರಗಳಿಗೆ ತಾಳ ಹಾಕುವವರಾರು?

ಸಂಗೀತ ಕಚೇರಿಯಲ್ಲಿ ಹಾಡುಗಾರನು ತೊಡೆಯ ಮೇಲೆ ತಾಳ ಹಾಕುತ್ತಿರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಪಿಟೀಲಿನವನೂ ಮೃದಂಗದವನೂ ತಮ್ಮ ತಮ್ಮ ವಾದನದಲ್ಲಿ ಮಗ್ನರಾಗಿದ್ದರೂ ಅವರ ಗಮನದ ಒಂದಂಶವು ಆ ಕೈಯ ಮೇಲೆಯೇ ಇರುತ್ತದೆ. ಲಯವು ತುಸು ಓಡಿದರೆ ಮೂವರೂ ಒಟ್ಟಿಗೆ ಓಡುತ್ತಾರೆ. ಎಳೆದರೆ ಒಟ್ಟಿಗೆ ಎಳೆಯುತ್ತಾರೆ. ಇದರಿಂದ ಕೇಳುವವನಿಗೆ ಅಷ್ಟೇನೂ ಬಾಧೆಯಿಲ್ಲ. ಒಬ್ಬನು ಓಡಿ ಮತ್ತೊಬ್ಬನು ಹಿಂದೆ ಉಳಿದಾಗಲೇ ಕಚೇರಿ ಕೆಡುವುದು.

ಇಂದು ಹಾಡುಗಳು ಬಹುಮಟ್ಟಿಗೆ ಗಣಕಯಂತ್ರದಲ್ಲಿ ಸಿದ್ಧವಾಗುತ್ತವೆ. ಗಾಯಕಿಯ ಕಂಠವನ್ನು ಒಂದು ದಿನ, ವೀಣೆಯನ್ನು ಇನ್ನೊಂದು ದಿನ, ಕೊಳಲನ್ನು ಬೇರೊಂದು ಊರಿನಲ್ಲಿ ಮುದ್ರಿಸಿಕೊಂಡು, ಅನಂತರ ಅವನ್ನೆಲ್ಲ ಒಂದುಗೂಡಿಸುವುದುಂಟು. ಇಲ್ಲಿ ಒಬ್ಬರ ಕೈಯನ್ನು ಮತ್ತೊಬ್ಬರು ನೋಡುವ ಅವಕಾಶವಿಲ್ಲ. ಹಾಗಾದರೆ ತಾಳ ಹಾಕುವವರಾರು? ಇದನ್ನು ತಿಳಿಯಬೇಕಾದರೆ, ಗಣಕಯಂತ್ರವು ಕಾಲವನ್ನು ಹೇಗೆ ಅರಿಯುತ್ತದೆಂಬುದನ್ನು ಮೊದಲು ನೋಡಬೇಕು.

ಧ್ವನಿಯೆಂಬುದು ಗಾಳಿಯ ಒತ್ತಡದ ಏರಿಳಿತವಷ್ಟೆ. ಮೈಕು ಈ ಏರಿಳಿತವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ; ಆ ವಿದ್ಯುತ್ತನ್ನು ಒಂದೇ ಸಮನಾದ ಅಂತರಗಳಲ್ಲಿ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಇಂಥ ಒಂದೊಂದು ಅಳತೆಗೂ ಮಾದರಿ ಎಂದು ಹೆಸರು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಮಾದರಿಗಳಿವೆ. ಈ ವಿಚಿತ್ರ ಸಂಖ್ಯೆಗೆ ಕಾರಣವೂ ಸ್ವಾರಸ್ಯವಾದದ್ದೇ. ಆಗ ಇಷ್ಟು ಅಂಕಿಗಳನ್ನು ಹಿಡಿದಿಡಲು ವಿಡಿಯೋ ಟೇಪಿಗಿಂತ ಅನುಕೂಲವಾದ ಸಾಧನವಿರಲಿಲ್ಲ. ಚಿತ್ರದ ಒಂದೊಂದು ಗೆರೆಯಲ್ಲಿ 3 ಮಾದರಿಗಳಂತೆ, ಬಳಕೆಗೆ ಸಿಕ್ಕುವ 245 ಗೆರೆಗಳಲ್ಲಿ, ಸೆಕೆಂಡಿಗೆ 60 ಸಲ ಬರೆದರೆ 44,100 ಆಗುತ್ತದೆ. ಯೂರೋಪಿನ ಪದ್ಧತಿಯಲ್ಲಿ 294 ಗೆರೆಗಳು, 50 ಸಲ. ಗುಣಿಸಿದರೆ ಮತ್ತೆ ಅದೇ ಸಂಖ್ಯೆ! ಚಲನಚಿತ್ರ ಮತ್ತು ವಿಡಿಯೋಗಳಲ್ಲಿ 48,000 ರೂಢಿಯಾಯಿತು.

ಈ ಅಂಕಿಗಳ ಸಾಲಿನಲ್ಲಿ ಕಾಲವೆಂಬುದು ಎಲ್ಲಿಯೂ ಬರೆದಿರುವುದಿಲ್ಲ. ಎಷ್ಟನೆಯ ಮಾದರಿ ಎಂಬ ಎಣಿಕೆಯೇ ಕಾಲ. ಎಣಿಕೆಯ ವೇಗವನ್ನು ಕಡತದ ತಲೆಬರಹದಲ್ಲಿ ಒಮ್ಮೆ ಮಾತ್ರ ನಮೂದಿಸಿರುತ್ತಾರೆ. 44,100ರ ವೇಗದಲ್ಲಿ ಮುದ್ರಿಸಿದ 5 ನಿಮಿಷದ ಹಾಡನ್ನು, ತಪ್ಪು ತಿಳಿವಳಿಕೆಯಿಂದ, 48,000ರ ವೇಗದಲ್ಲಿ ನುಡಿಸಿದರೆ ಅದು ಸುಮಾರು 276 ಸೆಕೆಂಡುಗಳಲ್ಲೇ ಮುಗಿದುಹೋಗುತ್ತದೆ. ಅದರೊಡನೆ ಶ್ರುತಿಯೂ ಹತ್ತಿರಹತ್ತಿರ ಒಂದೂವರೆ ಸ್ವರಸ್ಥಾನ ಏರುತ್ತದೆ. ಉಳಿದ ವಾದ್ಯಗಳು ತಮ್ಮ ಶ್ರುತಿಯಲ್ಲಿಯೇ ಇರುವಾಗ ಕೊಳಲು ಮಾತ್ರ ಹೀಗೆ ಏರಿದರೆ ಕೇಳುವುದು ಸಾಧ್ಯವೇ?

ಇದು ಒಡನೆ ಗೊತ್ತಾಗುವ ತಪ್ಪು. ಸದ್ದಿಲ್ಲದೆ ಬರುವ ತಪ್ಪು ಬೇರೊಂದಿದೆ. ಮಾದರಿಗಳನ್ನು ಎಣಿಸುವ ಗಡಿಯಾರವು ಕ್ವಾರ್ಟ್ಸ್ ಸ್ಫಟಿಕದ ಕಂಪನದಿಂದ ನಡೆಯುತ್ತದೆ. ಯಾವ ಎರಡು ಸ್ಫಟಿಕಗಳೂ ಸಂಪೂರ್ಣವಾಗಿ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಒಂದೇ ಸ್ಫಟಿಕವೂ ಉಷ್ಣತೆಯೊಡನೆ ತುಸು ಬದಲಾಗುತ್ತದೆ. ಎರಡು ಯಂತ್ರಗಳ ವ್ಯತ್ಯಾಸವು ಹತ್ತು ಲಕ್ಷಕ್ಕೆ 20 ಪಾಲು ಎಂದಿಟ್ಟುಕೊಳ್ಳಿ. 5 ನಿಮಿಷದ ಹಾಡಿನಲ್ಲಿ ಅವುಗಳ ಅಂತರ 6 ಮಿಲಿಸೆಕೆಂಡು. ಇದನ್ನು ಕಿವಿ ಕ್ಷಮಿಸೀತು. ಒಂದು ಗಂಟೆಯ ಕಚೇರಿಯನ್ನು ಇವೆರಡರಲ್ಲೂ ಮುದ್ರಿಸಿದ್ದರೆ ಕೊನೆಯಲ್ಲಿ 72 ಮಿಲಿಸೆಕೆಂಡು. ಆಗ ಮೃದಂಗದ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಎರಡನ್ನೂ ಒಂದೇ ಕ್ಷಣದಲ್ಲಿ ಪ್ರಾರಂಭಿಸಿದ್ದೆವಲ್ಲಾ ಎಂದು ಎಷ್ಟು ಹೇಳಿಕೊಂಡರೂ ಪ್ರಯೋಜನವಿಲ್ಲ.

ಪರಿಹಾರವೇನೋ ಸರಳ: ಒಂದು ಯಂತ್ರವು ಎಣಿಸಬೇಕು, ಉಳಿದುವು ತಮ್ಮ ಗಡಿಯಾರಗಳನ್ನು ಬದಿಗಿಟ್ಟು ಅದನ್ನು ಅನುಸರಿಸಬೇಕು. ಇದಕ್ಕಾಗಿ ಪ್ರತಿ ಮಾದರಿಗೂ ಒಂದು ಮಿಡಿತವನ್ನು ಪ್ರತ್ಯೇಕ ತಂತಿಯ ಮೂಲಕ ಕಳಿಸುತ್ತಾರೆ. ಸ್ಟುಡಿಯೋಗಳಲ್ಲಿ ಇದನ್ನು ವರ್ಡ್ ಕ್ಲಾಕ್ ಎನ್ನುತ್ತಾರೆ. ಯಜಮಾನ ಗಡಿಯಾರವೇ ಸ್ವಲ್ಪ ತಪ್ಪಾಗಿದ್ದರೂ ಚಿಂತೆಯಿಲ್ಲ, ಎಲ್ಲವೂ ಒಟ್ಟಿಗೆ ತಪ್ಪುತ್ತವೆ. ಎರಡು ಯಂತ್ರಗಳು ಯಜಮಾನಿಕೆಗೆ ನಿಂತರೆ ಮಾತ್ರ ಆಗಾಗ್ಗೆ ಚಿಟಿಕೆ ಹೊಡೆದಂತೆ ಶಬ್ದಗಳು ಕೇಳಿಬರುತ್ತವೆ.

ಮಾದರಿಗಳ ಎಣಿಕೆ ಕೂಡಿದರೆ ಮುಗಿಯಲಿಲ್ಲ. ಹಾಡು ಈಗ ಯಾವ ಆವರ್ತದಲ್ಲಿದೆ, ನಡೆ ಎಷ್ಟು ಎಂಬುದನ್ನು ವರ್ಡ್ ಕ್ಲಾಕ್ ಹೇಳುವುದಿಲ್ಲ. ಆ ಕೆಲಸ ಮಿಡಿ ಎಂಬ ಒಡಂಬಡಿಕೆಯದು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಪ್ರದರ್ಶನವೊಂದರಲ್ಲಿ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪೆನಿಯ ಕೀಬೋರ್ಡಿಗೂ ಜಪಾನಿನ ರೋಲಂಡ್ ಕಂಪೆನಿಯ ಕೀಬೋರ್ಡಿಗೂ ತಂತಿ ಜೋಡಿಸಿ, ಒಂದನ್ನು ಒತ್ತಿದರೆ ಮತ್ತೊಂದು ನುಡಿಯುವುದನ್ನು ತೋರಿಸಲಾಯಿತು. ಇದಕ್ಕಾಗಿ ಶ್ರಮಿಸಿದ ಡೇವ್ ಸ್ಮಿತ್ ಮತ್ತು ಇಕುಟಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಬಂತು. ಸ್ಪರ್ಧಿಗಳಾದ ವ್ಯಾಪಾರಸ್ಥರು ಒಂದು ಭಾಷೆಗೆ ಒಪ್ಪಿದರೆಂಬುದೇ ನನಗೆ ಯಂತ್ರಕ್ಕಿಂತ ದೊಡ್ಡ ಆಶ್ಚರ್ಯ.

ಮಿಡಿಯಲ್ಲಿ ತಾಳದ ಒಂದು ಎಣಿಕೆಗೆ 24 ಮಿಡಿತಗಳು. ನಿಮಿಷಕ್ಕೆ 120 ಎಣಿಕೆಯ ಹಾಡಾದರೆ ಸೆಕೆಂಡಿಗೆ 48. ಎರಡರ ನಡುವೆ ಸುಮಾರು 21 ಮಿಲಿಸೆಕೆಂಡು. ಪ್ರಾರಂಭಿಸು, ನಿಲ್ಲಿಸು, ಮುಂದುವರಿಸು ಎಂಬ ಆಜ್ಞೆಗಳೂ, ಹಾಡಿನ ಇಂಥ ಸ್ಥಾನಕ್ಕೆ ಹೋಗು ಎಂಬ ಸೂಚನೆಯೂ ಇವೆ. ಈ ಮಿಡಿತಗಳ ಅಂತರವನ್ನು ನೋಡಿ ಹಿಂಬಾಲಿಸುವ ಯಂತ್ರವು ನಡೆಯನ್ನು ಊಹಿಸಿಕೊಳ್ಳುತ್ತದೆ. ಗಣಕಯಂತ್ರವು ಬೇರೆ ಕೆಲಸದಲ್ಲಿ ತೊಡಗಿ ಒಂದೆರಡು ಮಿಡಿತಗಳನ್ನು ತಡಮಾಡಿದರೆ ನಡೆಯೂ ತಡವರಿಸುತ್ತದೆ.

ಇಷ್ಟೆಲ್ಲ ಆದಮೇಲೆ, ಸೇರಿಸಿದ ಸಂಗೀತವನ್ನು ಒಂದು ಕಡತವಾಗಿ ಹೊರತೆಗೆಯುವ ಕೆಲಸ ಬರುತ್ತದೆ. ಪ್ರತಿ ಟ್ರ್ಯಾಕಿನ ಒಂದನೆಯ ಮಾದರಿಗಳನ್ನೆಲ್ಲ ಕೂಡಿಸಿ ಒಂದಂಕಿ, ಎರಡನೆಯವನ್ನು ಕೂಡಿಸಿ ಇನ್ನೊಂದು. 48,000ರ ದರದಲ್ಲಿ 5 ನಿಮಿಷಕ್ಕೆ ಇಂಥ 1 ಕೋಟಿ 44 ಲಕ್ಷ ಸಂಕಲನಗಳು. ಇಲ್ಲಿ ಗಡಿಯಾರವೇ ಬೇಕಾಗಿಲ್ಲ! ಎಣಿಕೆಯೇ ಕಾಲವಾದ್ದರಿಂದ ಗಣಕಯಂತ್ರವು ತನ್ನ ಶಕ್ತಿಯಿದ್ದಷ್ಟು ಬೇಗ ಕೂಡಿ ಮುಗಿಸಬಹುದು. ಹೊರಗಿನ ವಾದ್ಯವೊಂದು ತಂತಿಯ ಮೂಲಕ ನುಡಿಯುತ್ತಿದ್ದರೆ ಮಾತ್ರ ಈ ಅವಸರ ಸಲ್ಲದು. ಅದು ಲೋಕದ ಕಾಲದಲ್ಲಿರುವ ವಸ್ತು. 5 ನಿಮಿಷದ ಹಾಡಿಗೆ 5 ನಿಮಿಷ ಕಾಯಲೇಬೇಕು. ಅದರ ಧ್ವನಿ ಹಿಂತಿರುಗಿ ಬರುವುದೂ ಸ್ವಲ್ಪ ತಡ. 256 ಮಾದರಿಗಳನ್ನು ಒಟ್ಟುಮಾಡಿಕೊಂಡು ಕೆಲಸಮಾಡುವ ಯಂತ್ರದಲ್ಲಿ ಆ ಒಂದು ಕಾರಣದಿಂದಲೇ 5 ಮಿಲಿಸೆಕೆಂಡಿಗೂ ಹೆಚ್ಚು ಕಾಲ ಕಳೆಯುತ್ತದೆ. ತಂತ್ರಾಂಶವು ಇದನ್ನು ಲೆಕ್ಕಹಾಕಿ ಆ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಸರಿಸಬೇಕು.

ಟ್ರ್ಯಾಕುಗಳನ್ನು ಬಿಡಿಯಾಗಿ ಹೊರತೆಗೆದು ಬೇರೆಯವರಿಗೆ ಕಳಿಸುವಾಗ ಎಲ್ಲವೂ ಹಾಡಿನ ಸೊನ್ನೆಯಿಂದಲೇ ಪ್ರಾರಂಭವಾಗಬೇಕು. ಕೊಳಲು ಮೂರು ನಿಮಿಷದ ತರುವಾಯ ಬರುವುದಾದರೆ, ಆ ಮೂರು ನಿಮಿಷದ ಮೌನವನ್ನೂ ಕಳಿಸಬೇಕು. ಸ್ಥಳ ಉಳಿಸಲೆಂದು ಮೌನವನ್ನು ಕತ್ತರಿಸಿದವನು ಕೊಳಲಿನ ಕಾಲವನ್ನೇ ಕತ್ತರಿಸಿದಂತಾಗುತ್ತದೆ. ಎಂಪಿ3 ರೂಪದಲ್ಲಿ ಕಳಿಸುವುದೂ ಸರಿಯಲ್ಲ. ಆ ವಿಧಾನದಲ್ಲಿ ಧ್ವನಿಯನ್ನು ಕುಗ್ಗಿಸಿ ಬಿಡಿಸುವಾಗ ಮೊದಲಲ್ಲಿ ಒಂದಿಷ್ಟು ಮೌನ ತಾನಾಗಿಯೇ ಸೇರಿಕೊಳ್ಳುವುದುಂಟು.

ಹೊರತೆಗೆದ ಟ್ರ್ಯಾಕುಗಳು ಹೊಂದಿವೆಯೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ಸುಲಭೋಪಾಯವಿದೆ; ಕಾಲೇಜಿನ ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದು. ಬಿಡಿ ಟ್ರ್ಯಾಕುಗಳನ್ನೆಲ್ಲ ಸೇರಿಸಿ, ಪೂರ್ಣ ಮಿಶ್ರಣದ ಅಂಕಿಗಳ ಚಿಹ್ನೆಯನ್ನು ತಿರುಗಿಸಿ ಅವಕ್ಕೆ ಕೂಡಿಸಬೇಕು. ಪೂರ್ಣ ಮಿಶ್ರಣದ ಮೇಲೆ ಬೇರೆ ಸಂಸ್ಕಾರವೇನೂ ನಡೆದಿರಬಾರದು. ಎಲ್ಲ ಸರಿಯಾಗಿದ್ದರೆ ಧನವೂ ಋಣವೂ ಕಳೆದು ಬಹುಮಟ್ಟಿಗೆ ನಿಶ್ಶಬ್ದ ಉಳಿಯುತ್ತದೆ. ಒಂದು ವಾದ್ಯವು ಒಂದೇ ಒಂದು ಮಾದರಿಯಷ್ಟು, ಅಂದರೆ ಸೆಕೆಂಡಿನ 48,000ದ ಒಂದು ಪಾಲು, ಸರಿದಿದ್ದರೂ ಅದರ ತಗ್ಗಿನ ನಾದವೆಲ್ಲ ಅಳಿದು, ಎತ್ತರದ ಅಂಶ ಮಾತ್ರ ಸಿರ್ರೆಂದು ತೆಳ್ಳಗೆ ಕೇಳುತ್ತದೆ. ಕಿವಿಗೊಟ್ಟು ಆಲಿಸಿದರೆ ಅದು ವೀಣೆಯೋ ಕೊಳಲೋ ಎಂಬುದನ್ನೂ ಗುರುತಿಸಬಹುದು.